ಹೆಚ್ಚಿದೆ ಅಂದರು ಅತ್ತೆ

ನಮ್ಮತ್ತೆಯ ಬಾಯಲ್ಲಿ ಯಾವ ವಸ್ತುವೂ ಮುಗಿದದ್ದಿಲ್ಲ. ಡಬ್ಬಿಯಲ್ಲಿ ಅಕ್ಕಿ ಖಾಲಿಯಾದರೆ ‘ಅಕ್ಕಿ ಹೆಚ್ಚಿದೆ’. ಬಳೆ ಒಡೆದರೆ ‘ಬಳೆ ಹೆಚ್ಚಿತು’. ದೇವರ ಮುಂದಿನ ದೀಪ ಆರಿಸಬೇಕಾದರೆ ‘ದೀಪ ದೊಡ್ಡದು ಮಾಡು’. ಮದುವೆಯಾಗಿ ರಾಮಮೂರ್ತಿ ನಗರದ ಈ ಮನೆಗೆ ಬಂದ ಹೊಸದರಲ್ಲಿ ಅವರು ಅಡುಗೆಮನೆಯಿಂದ ‘ಉಪ್ಪು ಹೆಚ್ಚಿದೆ ಕಣಮ್ಮಾ’ ಅಂದರು. ನಾನು ಪೆಚ್ಚುಮೋರೆ ಹಾಕಿಕೊಂಡು ಕುದಿಯುತ್ತಿದ್ದ ಸಾರಿಗೆ ನೀರು ಸುರಿದೆ. ಅವರು ಹೇಳಿದ್ದು ಅಂಗಡಿಯಿಂದ ಉಪ್ಪು ತರಿಸು ಅಂತ. ಅವತ್ತು ಮಾವನವರು ಆ ನೀರು ಸಾರನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರು, ಪಾಪ.

ನಾನು ಹಲಸೂರಿನವಳು. ತಮಿಳು, ಉರ್ದು, ಕನ್ನಡ ಮೂರರಲ್ಲೂ ನಲ್ಲಿ ನೀರಿಗೆ ಜಗಳ ಆಡಿ ಬೆಳೆದ ನಾಲಿಗೆ ನನ್ನದು. ನಮ್ಮ ವಠಾರದಲ್ಲಿ ಸತ್ತರೆ ಸತ್ತ, ಕೆಟ್ಟರೆ ಕೆಟ್ಟಿತು, ಅಷ್ಟೇ. ಇಲ್ಲಿ ನಾನು ‘ಗ್ಯಾಸ್ ಮುಗೀತು’ ಅಂದರೂ ಸಾಕು, ಅತ್ತೆ ಎಲ್ಲಿದ್ದರೂ ಓಡಿ ಬಂದು ‘ಬಿಡ್ತು ಅನ್ನು, ಬಿಡ್ತು ಅನ್ನು’ ಅನ್ನುತ್ತಿದ್ದರು. ದೀಪ ಹಚ್ಚುವ ಹೊತ್ತಿನಲ್ಲಿ ಮನೆಯ ಮೇಲೆ ಅಸ್ತು ದೇವತೆಗಳು ಓಡಾಡುತ್ತವಂತೆ. ಕೆಳಗೆ ಯಾರು ಏನೇ ಅಂದರೂ ‘ಅಸ್ತು’ ಅನ್ನುವುದೊಂದೇ ಅವುಗಳ ಕೆಲಸವಂತೆ. ಒಳ್ಳೆಯದು, ಕೆಟ್ಟದ್ದು, ತಮಾಷೆ, ಯಾವುದನ್ನೂ ನೋಡುವುದಿಲ್ಲವಂತೆ. ನನಗೆ ನಗು ಬರುತ್ತಿತ್ತು, ಆದರೂ ಬಿಡ್ತು ಅನ್ನುತ್ತಿದ್ದೆ.

ಕೇಬಲ್ ಟಿವಿಯ ಡಿಜಿಟಲ್ ಬಾಕ್ಸು ನಮ್ಮ ಬೀದಿಗೆ ಬಂದಾಗ ನಾನು ಬಸುರಿ. ಕೆಲವೇ ಬೀದಿಗಳಿಗೆ ಮೊದಲು ಪ್ರಯೋಗಕ್ಕೆ ಅಂತ ಕೊಟ್ಟಿದ್ದರು. ಕೇಬಲ್‌ನವನು ಟಿವಿಯ ನೆತ್ತಿಗೆ ಹುಣಸೆಬೀಜದಷ್ಟು ಕ್ಯಾಮೆರಾ ಅಂಟಿಸಿ, ಮಾವನವರ ಕೈಗೆ ಮೈಕಿರುವ ರಿಮೋಟ್ ಕೊಟ್ಟ. ‘ಇನ್ಮೇಲೆ ಎಲ್ಲಾ ಟಿವಿಲೇ ಅಂಕಲ್. ಕರೆಂಟ್ ಬಿಲ್ಲು, ಕಸದ ಕಂಪ್ಲೇಂಟು, ಹೆಲ್ತ್ ಸೆಂಟರ್ ಟೋಕನ್ನು. ಬಟನ್ ಒತ್ಕೊಂಡು ಮಾತಾಡಿ, ಸಾಕು’ ಅಂದ. ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮಾವನವರಿಗೆ ಹೊಸ ಯಂತ್ರ ಅಂದರೆ ಪಂಚಪ್ರಾಣ. ಅವತ್ತೇ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಟಿವಿ ಮುಂದೆ ನಿಲ್ಲಿಸಿದರು. ಪರದೆಯಲ್ಲಿ ನಮ್ಮ ಮುಖದ ಸುತ್ತ ಒಂದು ಹಸಿರು ಚೌಕ ಬರುತ್ತಿತ್ತು, ಒಳಗಿಂದ ಒಂದು ಹೆಣ್ಣುದನಿ ‘ದಾಖಲಾಗಿದೆ’ ಅನ್ನುತ್ತಿತ್ತು. ಮಾವ, ಅತ್ತೆ, ನನ್ನ ಗಂಡ, ನಾನು. ಸದಸ್ಯರು ನಾಲ್ವರು ಅಂತ ಲೆಕ್ಕ ಒಪ್ಪಿಸಿ ಆ ದನಿ ಕೇಳಿತು: ‘ಮನೆಯಲ್ಲಿ ಗರ್ಭಿಣಿಯರು ಇದ್ದಾರೆಯೇ?’

‘ಇದ್ದಾರೆ, ಇದ್ದಾರೆ!’ ಅಂತ ಮಾವನವರು ಬೀದಿಗೆಲ್ಲ ಕೇಳುವಂತೆ ಕೂಗಿದರು. ನಾಚಿಕೆಯಾಗಿ ನಾನು ಒಳಗೆ ಓಡಿದೆ.

ಬಾಕ್ಸು ಬೇಗ ಮನೆಯದೇ ಆಗಿಹೋಯಿತು. ಕಸದ ಗಾಡಿ ಬರಲಿಲ್ಲ ಅಂತ ಟಿವಿಗೆ ಹೇಳಿದರೆ ಮಾರನೇ ದಿನ ಗಾಡಿ ಬರುತ್ತಿತ್ತು, ನಿಜವಾಗಿಯೂ. ಪಕ್ಕದ ಮನೆಯವರು ಬಿಲ್ಲು ಹಿಡಿದುಕೊಂಡು ಬಂದು ಕೂರುತ್ತಿದ್ದರು, ಅತ್ತೆ ಅವರಿಗೆಲ್ಲ ಕಾಫಿ ಕೊಡುತ್ತಿದ್ದರು. ರಿಮೋಟಿಗೆ ಪ್ಲಾಸ್ಟಿಕ್ ಕವರು ಹಾಕಿ ರಬ್ಬರ್ ಬ್ಯಾಂಡು ಬಿಗಿದದ್ದೂ ಅತ್ತೆಯೇ. ಟಿವಿಯೊಳಗಿನ ದನಿಗೆ ಅವರು ‘ನೀವು’ ಅನ್ನುತ್ತಿದ್ದರು. ‘ಅವರು ಕೇಳ್ತಿದಾರೆ ನೋಡು, ಬೇಗ ಹೇಳು’ ಅಂತ ನನ್ನನ್ನು ಗದರುತ್ತಿದ್ದರು.

ಏಳು ತಿಂಗಳು ತುಂಬಿದ ಮೇಲೆ ಒಂದು ಮಧ್ಯಾಹ್ನ ನನಗೆ ರಕ್ತ ಹೋಗಲು ಶುರುವಾಯಿತು. ಆಟೊ ಲಿಂಗರಾಜಪುರದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕು ಹಿಡಿದದ್ದಷ್ಟೇ ಗೊತ್ತು. ನಾನು ಕಣ್ಣು ಬಿಡುವ ಹೊತ್ತಿಗೆ ಹೊಟ್ಟೆ ಕೊಯ್ದು, ಹೊಲಿದು, ಮಗುವನ್ನು ಮಣ್ಣು ಮಾಡಿ ಬಂದಿದ್ದರು. ಹೆಣ್ಣು ಅಂತ ನರ್ಸ್ ಹೇಳಿದಳು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮೊದಲು ಅತ್ತೆಯ ಕೈಗೆ ಕೊಟ್ಟರಂತೆ, ಆಮೇಲೆ ಮಾವನವರು ಎತ್ತಿಕೊಂಡು ಹೋದರಂತೆ. ನನ್ನ ಗಂಡ ಜೊತೆಗೆ ಹೋದರೂ ಮುಖ ನೋಡಲು ಧೈರ್ಯವಾಗಲಿಲ್ಲವಂತೆ. ನಾನಂತೂ ನೋಡಲೇ ಇಲ್ಲ.

ಮನೆಗೆ ಬಂದ ಮೇಲೆ ಯಾರಾದರೂ ಒಬ್ಬರು ನನ್ನ ಎದುರು ಕೂತು, ನಿನ್ನ ಮಗಳು ಸತ್ತುಹೋದಳು ಕಣೇ, ಹೀಗಿದ್ದಳು, ಅಂತ ಹೇಳುತ್ತಾರೆ ಅಂತ ಕಾದೆ. ಯಾರೂ ಹೇಳಲಿಲ್ಲ. ಅತ್ತೆ ಬಂದವರಿಗೆಲ್ಲ ‘ಹಗುರಾದ್ಲು, ಈಗ ಆರಾಮಾಗಿದಾಳೆ’ ಅನ್ನುತ್ತಿದ್ದರು. ನಾನು ನೇರವಾಗಿ ಕೇಳಿದರೆ ‘ಬಿಡ್ತು ಅನ್ನು, ಬಾಣಂತಿ ಬಾಯಲ್ಲಿ ಅಂಥಾ ಮಾತು ಬರಬಾರದು’ ಅಂತ ಬಾಯಿ ಮುಚ್ಚಿಸುತ್ತಿದ್ದರು. ಮಗು ಇಲ್ಲದ ಬಾಣಂತಿಗೆ ಮೂರು ಹೊತ್ತೂ ಬಿಸಿಬಿಸಿ ಮೆಣಸಿನ ಸಾರು. ನನಗೆ ಉರಿದುಹೋಗುತ್ತಿತ್ತು. ಬೇಕಿದ್ದದ್ದು ಒಂದೇ ಮಾತು, ಅದೂ ಆ ಮುಖ ನೋಡಿದವರ ಬಾಯಿಂದ. ಅಷ್ಟರಲ್ಲಿ ಮಾವನವರು ಒಂದು ಬೆಳಿಗ್ಗೆ ಪೇಪರ್ ಓದುತ್ತ ಕೂತಲ್ಲೇ ತೀರಿಕೊಂಡರು. ಆಮೇಲೆ ನನ್ನ ಮಗಳ ಮುಖ ಕಂಡವರು ಅತ್ತೆ ಒಬ್ಬರೇ ಉಳಿದರು.

ಮಾವನವರ ತಿಥಿಯೆಲ್ಲ ಮುಗಿದು ನೆಂಟರು ಹೊರಟ ಮೇಲೆ, ಅತ್ತೆ ದೀಪ ಹಚ್ಚಿ ಹಾಲ್‌ನಲ್ಲಿ ಬಂದು ಕೂತಿದ್ದರು. ಟಿವಿಯೊಳಗಿನ ದನಿ ಮಾತಾಡಿತು. ‘ಮನೆಯ ಸದಸ್ಯರ ಸಂಖ್ಯೆಯಲ್ಲಿ ಬದಲಾವಣೆ ಇದೆಯೇ? ಹೆಚ್ಚಿದೆ ಅಥವಾ ಕಡಿಮೆಯಾಗಿದೆ ಎಂದು ಹೇಳಿ. ಮನೆಯ ಹಿರಿಯರು ಉತ್ತರಿಸಿ.’ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅತ್ತೆ ರಿಮೋಟು ಎತ್ತಿಕೊಂಡರು. ದೇವರ ಮನೆಯ ಕಡೆ ನೋಡಿದರು. ಬಟನ್ ಒತ್ತಿ, ಮೆಲ್ಲಗೆ, ಮರ್ಯಾದೆಯಿಂದ ಹೇಳಿದರು: ‘ಹೆಚ್ಚಿದೆ.’

‘ಅಭಿನಂದನೆಗಳು’ ಅಂದಿತು ಟಿವಿ. ಪರದೆ ತುಂಬ ಬಣ್ಣದ ಬಲೂನುಗಳು ಮೇಲಕ್ಕೆ ಹಾರಿದವು. ‘ಸದಸ್ಯರು ಐವರು. ಮಗುವಿನ ಹೆಸರು ಬಾಕಿ ಇದೆ.’

ಅದಕ್ಕೆ ಗೊತ್ತಿದ್ದದ್ದು ಇಷ್ಟೇ: ಈ ಮನೆಯಲ್ಲಿ ಒಬ್ಬಳು ಬಸುರಿ ಇದ್ದಳು, ಈಗ ಜನ ಹೆಚ್ಚಿದ್ದಾರೆ. ಅದರ ಲೆಕ್ಕದಲ್ಲಿ ಮಾವನವರೂ ಇದ್ದರು, ನನ್ನ ಮಗಳೂ ಹುಟ್ಟಿದ್ದಳು.

‘ಅತ್ತೆ, ಏನ್ ಹೇಳಿಬಿಟ್ರಿ ನೀವು?’ ಅಂದೆ.

‘ಇನ್ನೇನೇ ಹೇಳ್ಲಿ? ದೀಪ ಉರೀತಿರೋವಾಗ ಕಡಿಮೆ ಅಂತ ಅನ್ನಕ್ಕಾಗುತ್ತಾ? ಹೆಚ್ಚಿದೆ ಅಂದ್ರೆ ಯಾರಿಗಾದ್ರೂ ಗೊತ್ತಾಗಲ್ವಾ?’ ಅಂದರು ಅತ್ತೆ. ಅವರ ಮುಖ ಬಿಳುಚಿಕೊಂಡಿತ್ತು.

ಸರಿಮಾಡೋಣ ಅಂತ ನಾನು ರಿಮೋಟು ಕಿತ್ತುಕೊಂಡೆ. ‘ನಿಮ್ಮ ಧ್ವನಿ ಹಿರಿಯರ ಧ್ವನಿಗೆ ಹೊಂದುತ್ತಿಲ್ಲ’ ಅಂದಿತು. ಗಂಡ ಪ್ರಯತ್ನಿಸಿದರೂ ಅದೇ ಉತ್ತರ. ಕೇಬಲ್‌ನವನನ್ನು ಕರೆಸಿದೆವು. ಅವನು ತಲೆ ಕೆರೆದುಕೊಂಡು, ‘ಅಮ್ಮನ ವಾಯ್ಸ್‌ಗೆ ಲಾಕ್ ಆಗಿದೆ ಅಕ್ಕಾ. ಅವ್ರೇ ಕಡಿಮೆ ಆಗಿದೆ ಅಂತ ಸೊಲ್ಲಣುಂ, ಹೇಳ್ಬೇಕು. ನಾನ್ ಏನ್ ಮಾಡ್ಲಿ?’ ಅಂದ. ಅತ್ತೆ ತಲೆ ಬಗ್ಗಿಸಿಕೊಂಡು ಸೆರಗು ತಿರುವುತ್ತ ಕೂತರೇ ಹೊರತು ರಿಮೋಟು ಮುಟ್ಟಲಿಲ್ಲ. ಬಾಕ್ಸನ್ನೇ ಕಿತ್ತು ಎಸೀರಿ ಅಂದೆ ಗಂಡನಿಗೆ. ‘ಅಮ್ಮಂಗೆ ಅದೊಂದೇ ಕಣೇ ಈಗ ಮಾತಿಗೆ ಇರೋದು, ಇರ್ಲಿ ಬಿಡು’ ಅಂದರು ಅವರು.

ನಾನು ಇಂದಿರಾನಗರದ ಆಫೀಸಿಗೆ ಮತ್ತೆ ಹೋಗತೊಡಗಿದೆ. ಒಂದು ದಿನ ತಲೆನೋವು ಅಂತ ಮಧ್ಯಾಹ್ನವೇ ಮನೆಗೆ ಬಂದೆ. ಬೀಗ ಹಾಕಿತ್ತು, ಅತ್ತೆ ದೇವಸ್ಥಾನಕ್ಕೆ ಹೋಗಿದ್ದರು. ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟೆ. ಕಿಟಕಿಯ ಪರದೆ ಎಳೆದಿದ್ದ ಹಾಲ್ ಮಬ್ಬಾಗಿತ್ತು. ಟಿವಿ ತಾನಾಗಿಯೇ ಹೊತ್ತಿಕೊಂಡಿತು, ಮಾತಾಡಿತು.

‘ನಮಸ್ಕಾರ. ಮಗುವಿನ ಬಳಿ ಯಾರಿದ್ದೀರಿ?’

ಮನೆಯಲ್ಲಿ ನಾನೊಬ್ಬಳೇ. ಬ್ಯಾಗು ಕೆಳಗಿಡಲೂ ಕೈ ಬರಲಿಲ್ಲ. ಅದು ಸ್ವಲ್ಪ ಹೊತ್ತು ಕಾದು, ಮತ್ತೆ ಅದೇ ಮೆದು ದನಿಯಲ್ಲಿ, ‘ಮಗುವನ್ನು ಒಂಟಿಯಾಗಿ ಬಿಡಬೇಡಿ’ ಅಂದಿತು. ನಾನು ಬಾಗಿಲು ಹಾಗೇ ಬಿಟ್ಟು ಹೊರಗೆ ಮೆಟ್ಟಿಲ ಮೇಲೆ ಬಂದು ಕೂತೆ. ಅತ್ತೆ ಬರುವವರೆಗೂ ಒಳಗೆ ಹೋಗಲಿಲ್ಲ. ಆಮೇಲೆ ವಿಚಾರಿಸಿದರೆ ಗೊತ್ತಾಯಿತು, ಎದುರು ಯಾರಾದರೂ ಓಡಾಡಿದರೆ ಎಚ್ಚರಾಗುವ ಹಾಗೆ ಅದನ್ನು ಮಾಡಿದ್ದಾರಂತೆ. ಗೊತ್ತಾದರೂ ಹೆದರಿಕೆ ಹೋಗಲಿಲ್ಲ.

ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಕಾದಿತ್ತು. ಇನ್ನೊಂದು ದಿನ ಬೇಗ ಬಂದಾಗ ಒಳಗಿಂದ ಮಾತು ಕೇಳಿಸಿತು. ಕಿಟಕಿಯ ಹತ್ತಿರ ನಿಂತೆ.

‘ಮಗು ಕತ್ತು ನಿಲ್ಲಿಸುತ್ತಿದೆಯೇ?’

‘ಹೂಂ, ನಿಲ್ಸುತ್ತೆ’ ಅಂದರು ಅತ್ತೆ.

‘ಮಗು ಕರೆದ ಕಡೆ ತಿರುಗಿ ನೋಡುತ್ತದೆಯೇ?’

ಅತ್ತೆ ಪಕ್ಕದಲ್ಲಿ ಹಾಸಿದ್ದ ಚಾಪೆಯ ಕಡೆ ತಿರುಗಿದರು. ತುಟಿಯಿಂದ ಚ್ಚು ಚ್ಚು ಅಂತ ಸದ್ದು ಮಾಡಿದರು. ನೋಡುತ್ತ ಕೂತರು. ಅವರ ಮುಖ ಅರಳಿತು. ‘ನೋಡುತ್ತೆ’ ಅಂದರು.

‘ದಾಖಲಾಗಿದೆ’ ಅಂದಿತು ಟಿವಿ, ಅತ್ತೆ ಹೇಳುತ್ತಿದ್ದ ಅಸ್ತು ದೇವತೆಗಳ ಹಾಗೆ.

ಆ ಚಾಪೆಯ ಮೇಲೆ ಏನೂ ಇರಲಿಲ್ಲ. ಒಂದು ಸಲಕ್ಕೆ ಎರಡು ಸಲ ನೋಡಿದೆ. ಒಳಗೆ ಹೋಗಿ ಕೂಗಾಡಿದೆ ಅಂತ ಬೇರೆ ಹೇಳಬೇಕಿಲ್ಲ. ‘ಅವರು ಅಷ್ಟು ಅಕ್ಕರೆಯಿಂದ ಕೇಳ್ತಾರೆ, ಇಲ್ಲ ಅಂತ ಹೆಂಗೇ ಅನ್ನಲಿ’ ಅಂದು ಅತ್ತೆ ಚಾಪೆ ಸುತ್ತಿಟ್ಟರು. ಸುತ್ತುವ ಮುಂಚೆ ಅದರ ಮೇಲೆ ಒಮ್ಮೆ ಕೈಯಾಡಿಸಿದರು.

ತಿಂಗಳುಗಳು ಕಳೆದವು. ಟಿವಿಯಲ್ಲಿ ನನ್ನ ಮಗಳು ಬೆಳೆಯುತ್ತಿದ್ದಳು. ಬೋರಲು ಬಿದ್ದಳು, ತೆವಳಿದಳು, ಹಲ್ಲು ಬಂತು. ಲಸಿಕೆಗೆ ಟೋಕನ್ ಬಂದಾಗ ಮಾತ್ರ ಅತ್ತೆ ‘ನಾಳೆ, ನಾಳೆ’ ಅನ್ನುತ್ತಿದ್ದರು, ಅದು ನಾಳೆಗೆ ಹಾಕಿಕೊಳ್ಳುತ್ತಿತ್ತು. ಅತ್ತೆಗೆ ಹುಚ್ಚು ಹಿಡಿದಿದೆ ಅಂದುಕೊಳ್ಳೋಣ ಅಂದರೆ ಅದೂ ಇಲ್ಲ. ಹಾಲಿನವನ ಲೆಕ್ಕ ಕರಾರುವಾಕ್ಕು, ಚಟ್ನಿಗೆ ಹುಳಿ ಹದ ತಪ್ಪುತ್ತಿರಲಿಲ್ಲ. ಮಧ್ಯಾಹ್ನದ ಆ ಸ್ವಲ್ಪ ಹೊತ್ತು ಮಾತ್ರ ಅವರಿಗೆ ಮೊಮ್ಮಗಳಿದ್ದಳು. ಮುಜುಗರ ಬಿಟ್ಟು ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಬಚ್ಚಲಲ್ಲಿ ತುಂಬಿದ ಬಕೆಟ್ಟಿದ್ದರೆ ನಾನೂ ಬಾಗಿಲು ಮುಚ್ಚತೊಡಗಿದ್ದೆ. ಯಾಕೆ ಅಂತ ನನ್ನನ್ನೇ ಕೇಳಿಕೊಂಡರೆ ಉತ್ತರ ಗೊತ್ತಿತ್ತು, ಅದಕ್ಕೇ ಕೇಳಿಕೊಳ್ಳಲಿಲ್ಲ.

ಒಂದು ಸಂಜೆ ಮೂವರೂ ಮನೆಯಲ್ಲಿದ್ದಾಗ ‘ಸದಸ್ಯರ ಪರಿಶೀಲನೆ, ಎಲ್ಲರೂ ಎದುರು ಬನ್ನಿ’ ಅಂದಿತು. ‘ಮುಖ ತೋರಿಸಿದ್ರೆ ಮುಗೀತು ಕೂತ್ಕೋ’ ಅಂದರು ಗಂಡ. ಪರದೆ ಕನ್ನಡಿಯಾಯಿತು. ಅದರಲ್ಲಿ ನಾವು ಮೂವರು ಸೋಫಾದ ಮೇಲೆ ಕೂತಿದ್ದೆವು. ಹಸಿರು ಚೌಕ ಗಂಡನ ಮುಖದ ಮೇಲೆ ಕೂತಿತು, ಆಮೇಲೆ ನನ್ನದು, ಅತ್ತೆಯದು. ಇನ್ನೊಂದು ಚೌಕ ನಮ್ಮ ತಲೆಯ ಮೇಲೆ ಹತ್ತಿ, ಗೋಡೆಯಲ್ಲಿ ಗಂಧದ ಹಾರ ಹಾಕಿದ್ದ ಮಾವನವರ ಫೋಟೊ ಹುಡುಕಿಕೊಂಡಿತು. ಫೋಟೊ ಅಲ್ಲವೇ, ಮುಖ ಇದೆ, ಅದೇನೋ ಸರಿ. ಆದರೆ ಐದನೆಯದು ಸಣ್ಣ ಚೌಕ. ಅದು ನೆಲದ ಮೇಲಿತ್ತು. ನಡುಗುತ್ತಿತ್ತು. ಟೀಪಾಯಿಯ ಹತ್ತಿರದಿಂದ ನಿಧಾನವಾಗಿ ನನ್ನ ಕಾಲ ಕಡೆಗೆ ಸರಿದು ಬಂದು, ನನ್ನ ಪಾದದ ಪಕ್ಕ ನಿಂತಿತು.

‘ಐವರೂ ಇದ್ದಾರೆ. ದಾಖಲಾಗಿದೆ.’

‘ಕಾರ್ಪೆಟ್ ಮೇಲಿನ ಹೂವು ನೋಡಿ ಮುಖ ಅಂದ್ಕೊಂಡಿದೆ ಅಷ್ಟೇ’ ಅಂದರು ಗಂಡ. ಅವರ ದನಿ ಸರಿಯಿರಲಿಲ್ಲ. ಇರಬಹುದು, ಹೂವೇ ಇರಬಹುದು. ಆದರೆ ಕಾರ್ಪೆಟ್ಟಿನ ಹೂವು ಸರಿಯುವುದಿಲ್ಲವಲ್ಲ. ಏಳುವಾಗ ನಾನು ಪಾದ ಎತ್ತಿ, ಆ ಜಾಗ ದಾಟಿ ಇಟ್ಟೆ. ನನ್ನನ್ನೇ ನೋಡುತ್ತಿದ್ದ ಅತ್ತೆಯ ಕಣ್ಣಲ್ಲಿ ನೀರಿತ್ತು.

ಕೊನೆಗೆ ಒಂದು ಭಾನುವಾರ ಮಧ್ಯಾಹ್ನ. ಗಂಡ ಯಾವುದೋ ಕೆಲಸಕ್ಕೆ ಕಲ್ಯಾಣ ನಗರಕ್ಕೆ ಹೋಗಿದ್ದರು. ನಾನು ಬಟ್ಟೆ ಮಡಚುತ್ತ ಕೂತಿದ್ದೆ. ನಾನಿದ್ದರೂ ಅತ್ತೆ ಅವತ್ತು ಚಾಪೆ ಹಾಸಿದರು. ಟಿವಿ ಕೇಳಿತು:

‘ಮಗು ಮಾತಾಡಲು ಆರಂಭಿಸಿದೆಯೇ? ಬಟನ್ ಒತ್ತಿ ಮಗುವಿನ ಧ್ವನಿ ಕೇಳಿಸಿ.’

ಅತ್ತೆ ತಬ್ಬಿಬ್ಬಾದರು. ಹೂಂ ಅಂದರೆ ಸಾಲುವ ಪ್ರಶ್ನೆಯಲ್ಲ ಅದು. ನನ್ನ ಕಡೆ ನೋಡಿದರು, ಮತ್ತೆ ಚಾಪೆಯ ಕಡೆ ನೋಡಿದರು. ಆಮೇಲೆ ಮಂಡಿಯೂರಿ ಕೂತು, ರಿಮೋಟನ್ನು ಚಾಪೆಯ ಮೇಲೆ ಗೇಣುದ್ದ ಎತ್ತರದಲ್ಲಿ ಹಿಡಿದು ಬಟನ್ ಒತ್ತಿದರು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಬೀದಿಯಲ್ಲಿ ಒಂದು ನಾಯಿಯೂ ಬೊಗಳಲಿಲ್ಲ. ಅತ್ತೆ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ನಾನೂ ಮಡಚುವುದು ಬಿಟ್ಟು ಕಿವಿಗೊಟ್ಟು ಕೂತಿದ್ದೆ. ದೇವರಾಣೆ, ನಾನೂ ಕಾಯುತ್ತಿದ್ದೆ.

‘ಮಗುವಿನ ಧ್ವನಿ ದಾಖಲಾಗಿದೆ’ ಅಂದಿತು ಟಿವಿ.

ಎದ್ದು ಹೋಗಿ ಅತ್ತೆಯ ಕೈಯಿಂದ ರಿಮೋಟು ಕಸಿದುಕೊಂಡೆ.

‘ಏನ್ ಕೇಳಿಸ್ತು ಅತ್ತೆ ಅದಕ್ಕೆ? ನನಗೆ ಕೇಳಿಸ್ಲಿಲ್ಲ. ನಾನು ಹೆತ್ತೋಳು, ನನಗೆ ಒಂದು ದಿನಾನೂ ಅವಳ ದನಿ ಕೇಳಿಸಿಲ್ಲ, ಮುಖ ಕಂಡಿಲ್ಲ. ಮಾವನೂ ಹೋದ್ರು. ನೋಡಿರೋರು ನೀವೊಬ್ರೇ. ಟಿವಿ ಮುಂದೆ ತೆವಳ್ತಾಳೆ ಅಂತೀರಾ, ನಗ್ತಾಳೆ ಅಂತೀರಾ. ನನಗೆ ಒಂದೇ ಒಂದು ಮಾತು ಹೇಳಿಲ್ವಲ್ಲ ಅತ್ತೆ. ನೀವು ಹೋಗ್ಬಿಟ್ರೆ ಯಾರನ್ನ ಕೇಳ್ಲಿ ನಾನು?’

‘ಬಿಡ್ತು...’ ಅಂದರು ಅತ್ತೆ. ಅಷ್ಟಕ್ಕೇ ನಿಲ್ಲಿಸಿದರು. ಚಾಪೆಯ ಅಂಚು ಸವರಿದರು. ಆಮೇಲೆ ಹೇಳಿದರು: ‘ಈ ಮನೇಲಿ ನಿನ್ನ ಬಾಯಿ ನಾನು ಮುಚ್ಚಿಸ್ದೆ. ನನ್ನನ್ನ ಇನ್ಯಾರೇ ಕೇಳಿದ್ರು, ಮಗು ಹೆಂಗಿತ್ತು ಅಂತ? ಇವ್ರೊಬ್ರು ಕೇಳಿದ್ರು.’ ಟಿವಿಯ ಕಡೆ ಕೈ ತೋರಿಸಿದರು. ನನ್ನ ಕೈಲಿದ್ದ ರಿಮೋಟು ನೋಡಿ, ‘ಒತ್ತು’ ಅಂದರು.

ನಾನು ಬಟನ್ ಒತ್ತಿ ರಿಮೋಟನ್ನು ಅವರ ಬಾಯಿಯ ಹತ್ತಿರ ಹಿಡಿದೆ.

‘ನಮ್ಮ ಯಜಮಾನ್ರು ತೀರ್ಕೊಂಡ್ರು. ಕಡಿಮೆ ಆಗಿದೆ’ ಅಂದರು. ದಾಖಲಾಯಿತು. ‘ಮಗುನೂ ಹೋಯ್ತು.’

‘ಕ್ಷಮಿಸಿ, ಅರ್ಥವಾಗಲಿಲ್ಲ. ಮಗು ಎಲ್ಲಿಗೆ ಹೋಗಿದೆ?’

ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. ‘ಸತ್ತೋಯ್ತು’ ಅಂದರು. ಅಷ್ಟು ವರ್ಷದಲ್ಲಿ ಆ ಪದ ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ‘ಹೆಣ್ಣು ಮಗು. ಸತ್ತೇ ಹುಟ್ತು.’

ದನಿ ನಡುಗಿದ್ದಕ್ಕೋ ಏನೋ, ‘ಕ್ಷಮಿಸಿ, ಇನ್ನೊಮ್ಮೆ ಸ್ಪಷ್ಟವಾಗಿ ಹೇಳಿ’ ಅಂದಿತು.

‘ಸತ್ತಿತ್ತು ಕಣಮ್ಮಾ!’ ಅಂತ ಅತ್ತೆ ಜೋರಾಗಿ ಹೇಳಿದರು. ಟಿವಿಗೆ ಹೇಳುತ್ತಿದ್ದರೋ ನನಗೋ ಗೊತ್ತಾಗಲಿಲ್ಲ. ‘ಬಟ್ಟೇಲಿ ಸುತ್ತಿ ನನ್ನ ಕೈಗೆ ಕೊಟ್ರು. ಇನ್ನೂ ಬೆಚ್ಚಗಿತ್ತು. ತಲೆ ತುಂಬ ಕಪ್ಪು ಕೂದ್ಲು. ಇವಳದೇ ಹಣೆ, ಇವಳದೇ ಗಲ್ಲ. ಉಗುರು ಬೆಳೆದಿತ್ತು, ಇಷ್ಟಿಷ್ಟೇ. ಉಸಿರಾಡ್ತೇನೋ ಅಂತ ಮೂಗಿನ ಹತ್ರ ಬೆರಳಿಟ್ಕೊಂಡೇ ನಿಂತಿದ್ದೆ. ಆಡ್ಲಿಲ್ಲ. ಸತ್ತೋಗಿತ್ತು.’

‘ಕಡಿಮೆಯಾಗಿದೆ’ ಅಂದಿತು ಟಿವಿ. ‘ದಾಖಲಾಗಿದೆ. ಸದಸ್ಯರು ಮೂವರು. ಧನ್ಯವಾದಗಳು.’ ಪರದೆ ಕಪ್ಪಾಯಿತು.

ನಾನು ಬಟನ್ ಬಿಟ್ಟಿರಲಿಲ್ಲ.

‘ಇನ್ನೊಂದ್ಸಲ ಹೇಳಿ ಅತ್ತೆ’ ಅಂದೆ.